ಪ್ಲಾಸ್ಟಿಕ್ ತ್ಯಾಜ್ಯದ ಮೇಲ್ಬಳಕೆ: ಮುಂಬಯಿಗೆ ಆಗುವ ಲಾಭ ಮತ್ತು ಅದರ ಪಾಲುದಾರರು



ಮುಂಬಯಿಯ ಪ್ಲಾಸ್ಟಿಕ್ ಕಸದ ಕಥೆಯನ್ನು ಹೇಳುವವರು 2005ರ ಜುಲೈ 26ನ್ನು ಬಿಟ್ಟು ಹೇಳಲಾರರು. ಅಂದು ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪ್ರದೇಶಗಳು ಮುಳುಗಿದವು. ಅಂತಹ ಮಳೆಗೆ ಯಾವ ನಗರವಾದರೂ ತತ್ತರಿಸುತ್ತಿತ್ತು. ನದಿಯ ಪಾತ್ರದ ಒತ್ತುವರಿ, ಬ್ರಿಟಿಷರ ಕಾಲದ ಚರಂಡಿಗಳು, ಸಮುದ್ರದ ಭರತ, ಎಲ್ಲವೂ ಕಾರಣಗಳೇ. ಆದರೂ ನೀರು ಇಳಿಯಬೇಕಾದ ಬಾಯಿಗಳಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು ಎಂಬುದನ್ನು ಜನರೂ ಮರೆಯಲಿಲ್ಲ, ಸರಕಾರವೂ ಅಲ್ಲಗಳೆಯಲಿಲ್ಲ. ಅದೇ ವರ್ಷ ಮಹಾರಾಷ್ಟ್ರ ಸರಕಾರ ಚೀಲಗಳ ನಿಷೇಧವನ್ನು ಘೋಷಿಸಿತು. 2018ರ ಮಾರ್ಚ್ 23ರಂದು ಇನ್ನೂ ವ್ಯಾಪಕವಾದ ನಿಷೇಧದ ಅಧಿಸೂಚನೆ ಹೊರಬಿತ್ತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ ಎಂದಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರವು ಏಕಬಳಕೆಯ ಹಲವು ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿತು. ಇಷ್ಟು ನಿಷೇಧಗಳ ನಂತರವೂ ಮಳೆಗಾಲಕ್ಕೆ ಮುನ್ನ ನಾಲೆಗಳ ಹೂಳೆತ್ತುವಾಗ ಹೂಳಿನ ಜೊತೆ ಪ್ಲಾಸ್ಟಿಕ್ ಬರುತ್ತಲೇ ಇದೆ.

ನಿಷೇಧ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಪ್ರತಿ ಬಡಾವಣೆಯ ಭಂಗಾರವಾಲಾನ ತಕ್ಕಡಿಯೇ ಉತ್ತರ ಹೇಳುತ್ತದೆ. ನೀರಿನ ಖಾಲಿ ಬಾಟಲಿಯನ್ನು ಅವನು ಕೊಳ್ಳುತ್ತಾನೆ. ಹಾಲಿನ ಖಾಲಿ ಚೀಲವನ್ನು ತೊಳೆದು ಒಣಗಿಸಿ ಕೊಟ್ಟರೆ ತೂಕಕ್ಕೆ ಹಣ ಕೊಡುತ್ತಾನೆ. ಒಡೆದ ಬಕೆಟ್ಟು, ಮುರಿದ ಕುರ್ಚಿಗಳಿಗೂ ಗಿರಾಕಿಯುಂಟು. ಆದರೆ ಚಿಪ್ಸಿನ ಹೊಳೆಯುವ ಪೊಟ್ಟಣ, ಶಾಂಪೂ ಸ್ಯಾಶೆ, ಸಾಂಬಾರು ಕಟ್ಟಿದ ತೆಳು ಚೀಲ, ಇವುಗಳನ್ನು ಅವನು ತಕ್ಕಡಿಗೆ ಹಾಕುವುದೇ ಇಲ್ಲ. ನಗರದ ನಾಲೆಗಳನ್ನು ಸೇರುವುದರಲ್ಲಿ ಇವುಗಳ ಪಾಲು ದೊಡ್ಡದು. ಬೆಲೆಯುಳ್ಳ ಕಸ ನೆಲದ ಮೇಲೆ ಹೆಚ್ಚು ಹೊತ್ತು ಉಳಿಯದು. ಬೆಲೆಯಿಲ್ಲದ ಕಸವನ್ನು ಎತ್ತಲು ಯಾವ ಕಾನೂನಿಗೂ ಸಾಕಷ್ಟು ಕೈಗಳಿಲ್ಲ. ಪ್ಲಾಸ್ಟಿಕ್ಕಿನ ರಾಸಾಯನಿಕ ಮೇಲ್ಬಳಕೆಯ ವಿಚಾರವನ್ನು ಈ ದೃಷ್ಟಿಯಿಂದ ನೋಡಬೇಕು. ಅದು ಕಸಕ್ಕೆ ಬೆಲೆ ತರಬಲ್ಲ ವಿದ್ಯೆ. ಆ ಬೆಲೆ ಯಾರ ಕೈ ಸೇರುತ್ತದೆ ಎಂಬುದು ಮಾತ್ರ ರಾಜಕೀಯದ ಪ್ರಶ್ನೆ.

ಮೊದಲು ಪದದ ಅರ್ಥ ಸ್ಪಷ್ಟವಾಗಲಿ. ಧಾರಾವಿಯ ಹದಿಮೂರನೇ ಕಾಂಪೌಂಡ್ ದೇಶದ ಅತಿ ಹೆಸರಾದ ಪ್ಲಾಸ್ಟಿಕ್ ಮರುಬಳಕೆಯ ಕೇಂದ್ರಗಳಲ್ಲಿ ಒಂದು. ಅಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ, ಬಗೆ ನೋಡಿ ವಿಂಗಡಿಸಿ, ಪುಡಿ ಮಾಡಿ, ತೊಳೆದು, ಕರಗಿಸಿ, ಎಳೆಯಾಗಿ ಹಿಂಡಿ, ಕಾಳುಗಳಾಗಿ ಕತ್ತರಿಸುತ್ತಾರೆ. ಇದು ಯಾಂತ್ರಿಕ ಮರುಬಳಕೆ. ಪ್ಲಾಸ್ಟಿಕ್ ಎಂದರೆ ಸಾವಿರಾರು ಸಣ್ಣ ಅಣುಗಳು ಕೈಹಿಡಿದು ನಿಂತ ಉದ್ದನೆಯ ಸರಪಳಿ. ಕರಗಿಸಿದಾಗಲೆಲ್ಲ ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ಹಳೆಯ ಬಣ್ಣ, ಕೊಳೆ, ಬೇರೆ ಜಾತಿಯ ಪ್ಲಾಸ್ಟಿಕ್ ಬೆರೆತು ಗುಣ ಕುಗ್ಗುತ್ತದೆ. ಹೀಗಾಗಿ ಬಾಟಲಿಯು ನಾರಾಗಿ, ಪಾರದರ್ಶಕ ಡಬ್ಬಿಯು ಕಪ್ಪು ಕೊಳವೆಯಾಗಿ ಒಂದೊಂದೇ ಮೆಟ್ಟಿಲು ಕೆಳಗಿಳಿದು ಕೊನೆಗೆ ಗುಂಡಿಯನ್ನೇ ಸೇರುತ್ತದೆ. ರಸ್ತೆಯ ಡಾಂಬರಿಗೆ ಪ್ಲಾಸ್ಟಿಕ್ ಬೆರೆಸುವ ಪದ್ಧತಿಯೂ ಹೀಗೆಯೇ. ಮಧುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಮತ್ತು ಬೆಂಗಳೂರಿನ ಅಹಮದ್ ಖಾನ್ ಅವರ ಪ್ರಯತ್ನಗಳಿಂದ ಹೆಸರಾದ ಆ ವಿಧಾನ ಉಪಯುಕ್ತವೇ. ಆದರೆ ರಸ್ತೆಯೊಳಗೆ ಹೋದ ಪ್ಲಾಸ್ಟಿಕ್ ಮತ್ತೆ ವಸ್ತುವಾಗಿ ಹೊರಬರುವುದಿಲ್ಲ.

ರಾಸಾಯನಿಕ ವಿಧಾನವು ಸರಪಳಿಯನ್ನು ಬೇಕಾದ ಕೊಂಡಿಯಲ್ಲಿಯೇ ಬಿಚ್ಚುತ್ತದೆ. ಹಾಗೆ ಬಿಚ್ಚಿದ ಅಣುಗಳನ್ನು ಶುದ್ಧಗೊಳಿಸಿ ಅದೇ ಪ್ಲಾಸ್ಟಿಕ್ಕನ್ನು ಮತ್ತೆ ಹೊಸದಾಗಿ ಕಟ್ಟಬಹುದು. ಅಥವಾ ಮೂಲ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಬೆಲೆಬಾಳುವ ಬಣ್ಣ, ಮೇಣ, ಕೀಲೆಣ್ಣೆ, ಸಾಬೂನುಗಳನ್ನು ತಯಾರಿಸಬಹುದು. ಎರಡನೆಯದಕ್ಕೆ ‘ಅಪ್‌ಸೈಕ್ಲಿಂಗ್’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಮೇಲ್ಬಳಕೆ ಎನ್ನಬಹುದು.

ಇದಕ್ಕೆ ನಿದರ್ಶನ ಹುಡುಕಿ ವಿದೇಶಕ್ಕೆ ಹೋಗಬೇಕಾಗಿಲ್ಲ. ಧಾರಾವಿಯಿಂದ ನಡಿಗೆಯ ದೂರದಲ್ಲಿ, ಕನ್ನಡಿಗರ ಪರಿಚಿತ ಮಾಟುಂಗಾದಲ್ಲಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ‘ಯುಡಿಸಿಟಿ’ ಎಂಬ ಹಳೆಯ ಹೆಸರಿನಿಂದಲೇ ಅನೇಕರು ಅದನ್ನು ಇಂದಿಗೂ ಗುರುತಿಸುತ್ತಾರೆ. ಅಲ್ಲಿಯ ನಾರು ಮತ್ತು ಜವಳಿ ಸಂಸ್ಕರಣ ವಿಭಾಗದ ಎಸ್. ಆರ್. ಶುಕ್ಲಾ ಹಾಗೂ ಅವರ ಸಹಸಂಶೋಧಕರು ಪಾಲಿಯೆಸ್ಟರ್ ನಾರಿನ ತ್ಯಾಜ್ಯದ ಮೇಲೆ ಸರಣಿ ಪ್ರಯೋಗಗಳನ್ನು ನಡೆಸಿದರು. ಪಾಲಿಯೆಸ್ಟರ್ ನಾರು ಮತ್ತು ನೀರಿನ ಬಾಟಲಿ ಎರಡೂ ‘ಪೆಟ್’ ಎಂಬ ಒಂದೇ ಪ್ಲಾಸ್ಟಿಕ್. ಅದನ್ನು ಎಥಿಲೀನ್ ಗ್ಲೈಕಾಲ್ ದ್ರವದಲ್ಲಿ ಕಾಯಿಸಿದರೆ ಸರಪಳಿ ಬಿಚ್ಚಿಕೊಂಡು ಮೂಲ ಘಟಕ ದೊರೆಯುತ್ತದೆ. ಕ್ರಿಯೆ ಚುರುಕಾಗಲು ಸೀಸ ಅಥವಾ ಸತುವಿನ ಲವಣಗಳನ್ನು ಬಳಸುವುದು ರೂಢಿ. 2005ರಲ್ಲಿ ಪ್ರಕಟವಾದ ಈ ತಂಡದ ಕೆಲಸವು ಅವುಗಳ ಬದಲು ವಾಷಿಂಗ್ ಸೋಡಾ, ಅಡುಗೆ ಸೋಡಾಗಳಿಂದಲೂ ಹತ್ತಿರಹತ್ತಿರ ಅಷ್ಟೇ ಫಲ ಸಿಗುತ್ತದೆ ಎಂದು ತೋರಿಸಿತು. ವಿಷಕಾರಿ ಲೋಹವಿಲ್ಲದೆ, ಕಿರಾಣಿ ಅಂಗಡಿಯಲ್ಲಿ ದೊರೆಯುವ ಪದಾರ್ಥದಿಂದ ಪಾಲಿಯೆಸ್ಟರನ್ನು ಬಿಚ್ಚಬಹುದೆಂಬುದು ಸಣ್ಣ ಮಾತಲ್ಲ. ಮುಂದಿನ ವರ್ಷಗಳಲ್ಲಿ ಅದೇ ತಂಡ ಪೆಟ್ ತ್ಯಾಜ್ಯದಿಂದ ಬಟ್ಟೆಯನ್ನು ಮೃದುಗೊಳಿಸುವ ರಾಸಾಯನಿಕಗಳನ್ನೂ, ಪಾಲಿಯೆಸ್ಟರಿಗೆ ಹತ್ತುವ ಬಣ್ಣಗಳನ್ನೂ ತಯಾರಿಸಿತು. ಬಟ್ಟೆಯ ಕಸವೇ ಬಟ್ಟೆಯ ಬಣ್ಣವಾಯಿತು. ಕಸದ ಕಿಲೋ ಬೆಲೆಗೂ ಬಣ್ಣದ ಕಿಲೋ ಬೆಲೆಗೂ ಇರುವ ಅಂತರವನ್ನು ಮಂಗಳದಾಸ್ ಮಾರ್ಕೆಟ್ಟಿನ ಯಾವ ಜವಳಿ ವರ್ತಕನಿಗೂ ವಿವರಿಸಬೇಕಾಗಿಲ್ಲ.

ಇಲ್ಲಿ ತೂಕದ ಲೆಕ್ಕವೂ ಗಮನಾರ್ಹ. ರಸಾಯನಶಾಸ್ತ್ರದ ನಿಯಮದ ಪ್ರಕಾರ 192 ಕಿಲೋ ಪೆಟ್‌ಗೆ 62 ಕಿಲೋ ಗ್ಲೈಕಾಲ್ ಕೂಡಿದರೆ 254 ಕಿಲೋ ಮೂಲ ಘಟಕ ಬರಬೇಕು. ಕಾರ್ಖಾನೆಯಲ್ಲಿ ಅಷ್ಟೂ ಕೈಗೆ ಬರುವುದಿಲ್ಲ. ಆದರೆ ಈ ಕ್ರಿಯೆಯಲ್ಲಿ ಪ್ಲಾಸ್ಟಿಕ್ಕಿನ ಇಂಗಾಲ ಹೊಗೆಯಾಗಿ ಹೋಗುವುದಿಲ್ಲ, ವಸ್ತುವಿನಲ್ಲಿಯೇ ಉಳಿಯುತ್ತದೆ ಎಂಬುದು ಮುಖ್ಯ.

ಬಾಟಲಿಗೆ ಬೆಲೆ ಮೊದಲೇ ಇದೆ, ಬೆಲೆಯಿಲ್ಲದ ಪೊಟ್ಟಣದ ಗತಿಯೇನು ಎಂದು ಸಭಿಕರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಚೀಲ, ಪೊಟ್ಟಣಗಳಲ್ಲಿರುವ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಸರಪಳಿ ಪೆಟ್‌ನಂತೆ ಸುಲಭವಾಗಿ ಬಿಚ್ಚುವಂಥದ್ದಲ್ಲ. ಅವನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣತೆಗೆ ಕಾಯಿಸಿದರೆ ಎಣ್ಣೆ, ಅನಿಲ, ಮಸಿ ದೊರೆಯುತ್ತವೆ. ಇದೇ ಪೈರೋಲಿಸಿಸ್. ಆ ಎಣ್ಣೆಯನ್ನು ಶುದ್ಧೀಕರಿಸಿ ಕಚ್ಚಾ ತೈಲದ ಜೊತೆ ಸಂಸ್ಕರಿಸಿದರೆ ಹೊಸ ಪ್ಲಾಸ್ಟಿಕ್ ತಯಾರಾಗುತ್ತದೆ. ಮುಂಬಯಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ರಿಲಯನ್ಸ್ ಸಂಸ್ಥೆ ಪ್ಲಾಸ್ಟಿಕ್ ತ್ಯಾಜ್ಯದ ಎಣ್ಣೆಯಿಂದ ಜಾಮನಗರದಲ್ಲಿ ಹೊಸ ಪಾಲಿಮರ್ ತಯಾರಿಸಿರುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ಅಮೆರಿಕದ ಸಂಶೋಧಕರು 2019ರಲ್ಲಿ ಪ್ಲಾಟಿನಂ ಕಣಗಳ ನೆರವಿನಿಂದ ಪಾಲಿಥೀನನ್ನು ಕೀಲೆಣ್ಣೆಯಂಥ ದ್ರವವಾಗಿಸಿದರು. 2023ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಗುವೊಲಿಯಾಂಗ್ ಲಿಯು ಅವರ ತಂಡ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳನ್ನು ಮೊದಲು ಮೇಣವಾಗಿಸಿ, ಮೇಣದಿಂದ ಕೊಬ್ಬಿನಾಮ್ಲ, ಕೊಬ್ಬಿನಾಮ್ಲದಿಂದ ಸಾಬೂನು ತಯಾರಿಸಿತು. ಯಾರೂ ಎತ್ತದ ಚೀಲಕ್ಕೂ ಒಂದು ದಿನ ಬೆಲೆ ಬರಬಹುದು ಎಂಬುದಕ್ಕೆ ಈ ಪ್ರಯೋಗಗಳು ಆಧಾರ.

ಆರ್ಥಿಕ ಲಾಭವನ್ನು ಮೂರು ನೆಲೆಗಳಲ್ಲಿ ಎಣಿಸಬಹುದು. ಮೊದಲನೆಯದು ದೇಶದ್ದು. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಂದರೆ ಹೆಚ್ಚಾಗಿ ಆ ತೈಲ, ಅನಿಲಗಳ ಘನರೂಪ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯಂತೆ 2020-21ರಲ್ಲಿ ದೇಶದಲ್ಲಿ ಉತ್ಪನ್ನವಾದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್. ಹಣ ಕೊಟ್ಟು ತಂದ ಇಂಗಾಲವನ್ನು ಒಮ್ಮೆ ಬಳಸಿ ಗುಂಡಿಗೆ ಸುರಿಯುವುದು ಯಾವ ಗೃಹಸ್ಥನೂ ಒಪ್ಪುವ ಲೆಕ್ಕವಲ್ಲ. ಎರಡನೆಯದು ಪ್ರದೇಶದ್ದು. ಅಂಬರನಾಥ, ಡೊಂಬಿವಿಲಿ, ತಳೋಜಾ, ತಾರಾಪುರಗಳಲ್ಲಿ ಬಣ್ಣ ಮತ್ತು ರಾಸಾಯನಿಕಗಳ ಸಣ್ಣ ಕಾರ್ಖಾನೆಗಳಿವೆ. ಭಿವಂಡಿಯಲ್ಲಿ ಜವಳಿಯ ಮಗ್ಗಗಳಿವೆ. ಕಸ, ವಿದ್ಯೆ, ಯಂತ್ರ, ಗಿರಾಕಿ ನಾಲ್ಕೂ ಇಷ್ಟು ಹತ್ತಿರದಲ್ಲಿ ದೊರೆಯುವ ಊರುಗಳು ದೇಶದಲ್ಲಿ ಹೆಚ್ಚಿಲ್ಲ. ಮೂರನೆಯದು ನಗರದ ನೆಲದ್ದು. ಮುಂಬಯಿಯಂಥ ಊರಿನಲ್ಲಿ ಕಸಕ್ಕೆ ಬಿಟ್ಟ ನೆಲ ಮನೆಗಳಿಗೆ ತಪ್ಪಿದ ನೆಲ.

ಆ ನೆಲದ ಸ್ಥಿತಿಯನ್ನು ದೇವನಾರ್ ಹೇಳುತ್ತದೆ. 1927ರಿಂದ ಕಸ ಸುರಿಯುತ್ತಿರುವ ಆ ತಾಣದಲ್ಲಿ ಸುಮಾರು 185 ಲಕ್ಷ ಟನ್ ಹಳೆಯ ಕಸ ರಾಶಿಬಿದ್ದಿದೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಹೊಗೆ ಉಪಗ್ರಹದ ಚಿತ್ರಗಳಲ್ಲಿಯೂ ಕಾಣಿಸಿತು. ಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆ ಹೊಗೆಯನ್ನು ಮೊದಲು ಕುಡಿದವರು ಗೋವಂಡಿಯ ಬಡವರು. ಅವರ ‘ಎಂ ಪೂರ್ವ’ ವಾರ್ಡು 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಎಲ್ಲ ವಾರ್ಡುಗಳಿಗಿಂತ ಕೊನೆಯ ಸ್ಥಾನದಲ್ಲಿತ್ತು. ಈಗ ಆ ಗುಡ್ಡವನ್ನು ಅಗೆದು ಬಗೆಹರಿಸಲು ಪಾಲಿಕೆ ಎರಡು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆ ಕೈಗೊಂಡಿದೆ. ದಶಕಗಳ ಕಾಲ ಹಸಿ ಕಸದಲ್ಲಿ ಕೊಳೆತ ಪ್ಲಾಸ್ಟಿಕ್ಕಿನಿಂದ ಬಣ್ಣವನ್ನಾಗಲಿ ಸಾಬೂನನ್ನಾಗಲಿ ಮಾಡುವುದು ದುಸ್ಸಾಧ್ಯ. ಅಂಥದ್ದು ಸಾಮಾನ್ಯವಾಗಿ ಹೋಗುವುದು ಸಿಮೆಂಟ್ ಗೂಡಿನ ಬೆಂಕಿಗೆ. ಮನೆಯಲ್ಲಿ ಬೇರ್ಪಡಿಸದ ಕಸದಿಂದ ಯಾವ ಪ್ರಯೋಗಶಾಲೆಯೂ ಬೆಲೆ ಹೊರಡಿಸಲಾರದು ಎಂಬುದಕ್ಕೆ ದೇವನಾರ್ ಸಾಕ್ಷಿ.

ಪರಿಸರದ ಲಾಭವನ್ನು ಹೇಳುವಾಗ ಪ್ರಾಮಾಣಿಕತೆ ಬೇಕು. ಜಗತ್ತಿನಲ್ಲಿ 2015ರವರೆಗೆ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದ 630 ಕೋಟಿ ಟನ್‌ನಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿತು. ಉಳಿದ ರಾಶಿಯಲ್ಲಿ ಒಂದು ಭಾಗವಾದರೂ ಮತ್ತೆ ವಸ್ತುವಾದರೆ ಅಷ್ಟು ತೈಲ ನೆಲದಲ್ಲಿ ಉಳಿಯುತ್ತದೆ, ಅಷ್ಟು ಕಸ ಸಮುದ್ರಕ್ಕೆ ಹೋಗುವುದು ತಪ್ಪುತ್ತದೆ. ಆದರೆ ಕಸದಿಂದ ಇಂಧನ ತೆಗೆದು ಸುಡುವುದನ್ನೂ ಇದೇ ಹೆಸರಿನಲ್ಲಿ ಮಾರುವವರಿದ್ದಾರೆ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರಲ್ಲಿ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್‌ನಿಂದ ಸುಮಾರು 800 ಲೀಟರ್ ಡೀಸೆಲ್ ತೆಗೆಯುವ ಘಟಕವನ್ನು ತೋರಿಸಿತು. ತಾಂತ್ರಿಕವಾಗಿ ಅದು ಸಾಧನೆಯೇ. ಆದರೆ ಆ ಡೀಸೆಲನ್ನು ಸುಟ್ಟರೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಒಂದು ಕಿಲೋ ಪಾಲಿಥೀನ್ ದೇವನಾರಿನಲ್ಲಿ ಪೂರ್ತಿ ಉರಿದರೂ ಲಾರಿಯ ಎಂಜಿನ್ನಿನಲ್ಲಿ ಉರಿದರೂ ಹೊರಬರುವುದು ಸುಮಾರು 3 ಕಿಲೋ. ಎಂಜಿನ್ನಿನಲ್ಲಿ ಉರಿದರೆ ಅಷ್ಟು ಹೊಸ ಡೀಸೆಲ್ ಉಳಿಯುತ್ತದೆ, ವಿಷದ ಹೊಗೆ ಕಡಿಮೆಯಾಗುತ್ತದೆ, ಅಷ್ಟೆ. ಇದು ಮರುಬಳಕೆಯೇ ಅಲ್ಲ, ವಿಳಂಬಿಸಿದ ದಹನ.

ಇನ್ನೂ ಒಂದು ಎಚ್ಚರ ಅಗತ್ಯ. ಪೈರೋಲಿಸಿಸ್‌ಗೆ ಶಾಖ ಬೇಕು. ಆ ಶಾಖ ಎಲ್ಲಿಂದ ಬಂತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಿವಿಸಿ ತುಣುಕು ಬೆರೆತರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಯಂತ್ರವನ್ನು ಕೊರೆಯುತ್ತದೆ, ಎಣ್ಣೆಯನ್ನು ಕೆಡಿಸುತ್ತದೆ. ಉಳಿದ ಮಸಿಯನ್ನು ಎಚ್ಚರದಿಂದ ವಿಲೇವಾರಿ ಮಾಡದಿದ್ದರೆ ಅದೇ ಹೊಸ ಮಾಲಿನ್ಯ. ನಿಗಾ ಇಲ್ಲದ ಸಣ್ಣ ಘಟಕಗಳನ್ನು ಬಡವರ ಬಡಾವಣೆಗಳ ಪಕ್ಕದಲ್ಲಿ ತೆರೆದರೆ ದೇವನಾರಿನ ಅನ್ಯಾಯವೇ ಬೇರೆ ರೂಪದಲ್ಲಿ ಮುಂದುವರಿಯುತ್ತದೆ.

ಕಾನೂನು ಈ ಭೇದವನ್ನು ಅರಿತಿದೆ ಎಂಬುದು ಸಮಾಧಾನದ ವಿಷಯ. 2022ರ ಫೆಬ್ರವರಿ 16ರಂದು ಪ್ರಕಟವಾದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯಲ್ಲಿ, ಪ್ಲಾಸ್ಟಿಕ್ ಪೊಟ್ಟಣಗಳನ್ನು ಮಾರುಕಟ್ಟೆಗೆ ಬಿಡುವವರೇ ಅವುಗಳ ಗತಿಗೂ ಹೊಣೆ ಎಂದು ಹೇಳಲಾಗಿದೆ. ಮರುಬಳಕೆಗೆ ಪ್ರತ್ಯೇಕ ಗುರಿಗಳಿವೆ. ರಸ್ತೆ, ಸಿಮೆಂಟ್ ಗೂಡು, ವಿದ್ಯುತ್, ಎಣ್ಣೆ ಇವೆಲ್ಲ ‘ಅಂತಿಮ ವಿಲೇವಾರಿ’ಯ ಪಟ್ಟಿಯಲ್ಲಿವೆ, ಮರುಬಳಕೆ ಸಾಧ್ಯವಿಲ್ಲದ ಪ್ಲಾಸ್ಟಿಕ್ಕಿಗೆ ಮಾತ್ರ. 2025-26ರಿಂದ ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜಿಂಗಿನಲ್ಲಿ ಶೇ. 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂಬ ಗುರಿಯನ್ನೂ ಅದು ಇಟ್ಟಿತು. ಕಾಗದದ ಮೇಲೆ ಇದು ಒಳ್ಳೆಯ ನೀತಿ. ಆದರೆ 2023ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕೆಲವೇ ಮರುಬಳಕೆದಾರರ ಲೆಕ್ಕ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಬೆಳಕಿಗೆ ಬಂದವು. ಆ ಘಟಕಗಳು ಗುಜರಾತ, ಮಹಾರಾಷ್ಟ್ರ, ಕರ್ನಾಟಕಗಳವು. ಆಗದ ಮರುಬಳಕೆಗೆ ಪ್ರಮಾಣಪತ್ರ ಮಾರುವುದು ಲಾಭದಾಯಕವಾಗಿರುವ ತನಕ ನಿಜವಾದ ಮೇಲ್ಬಳಕೆಗೆ ಬಂಡವಾಳ ಹೂಡುವವರು ಮೂರ್ಖರೆನಿಸಿಕೊಳ್ಳುತ್ತಾರೆ. ವಿಜ್ಞಾನ ಎಷ್ಟೇ ಮುಂದೆ ಹೋದರೂ ಸುಳ್ಳು ಲೆಕ್ಕ ಅದನ್ನು ಹಿಂದಕ್ಕೆ ಎಳೆಯುತ್ತದೆ.

ಇನ್ನು ಪಾಲುದಾರರ ಮಾತು. ಮುಂಬಯಿಯ ಮರುಬಳಕೆ ನಿಂತಿರುವುದು ಚಿಂದಿ ಆಯುವ ಹೆಂಗಸರ ಬೆನ್ನಿನ ಮೇಲೆ. 1975ರಲ್ಲಿ ಆರಂಭವಾದ ಸ್ತ್ರೀ ಮುಕ್ತಿ ಸಂಘಟನೆ 1998ರಿಂದ ‘ಪರಿಸರ ವಿಕಾಸ’ ಎಂಬ ಕಾರ್ಯಕ್ರಮದ ಮೂಲಕ ಈ ಹೆಂಗಸರನ್ನು ಸಂಘಟಿಸಿ, ತರಬೇತಿ, ಗುರುತಿನ ಚೀಟಿಗಳನ್ನು ಒದಗಿಸುವ ಕೆಲಸ ಮಾಡುತ್ತ ಬಂದಿದೆ. ಕಸ ಬೇರ್ಪಡಿಸುವ ಕಲೆ ಅವರ ಬೆರಳುಗಳಲ್ಲಿದೆ; ರಾಸಾಯನಿಕ ಘಟಕಕ್ಕೆ ಬೇಕಾದ ಮೊದಲ ಅಗತ್ಯವೂ ಅದೇ, ಬೆರಕೆಯಿಲ್ಲದ ಕಚ್ಚಾವಸ್ತು. ಆದರೆ ದೊಡ್ಡ ಉದ್ಯಮ ಬಂದಾಗ ಕಸದ ಗುತ್ತಿಗೆ ಒಬ್ಬರ ಕೈಗೆ ಹೋಗಿ, ಆಯುವವರು ಗೇಟಿನ ಹೊರಗೆ ಉಳಿಯುವ ಅಪಾಯವಿದೆ. ಧಾರಾವಿಯ ಪುನರಭಿವೃದ್ಧಿಯ ನಕ್ಷೆಯಲ್ಲಿ ಹದಿಮೂರನೇ ಕಾಂಪೌಂಡಿನ ಗೋದಾಮುಗಳಿಗೆ, ಅಲ್ಲಿ ದುಡಿಯುವವರಿಗೆ ಎಂಥ ಸ್ಥಳ ದೊರೆಯುತ್ತದೆ ಎಂಬುದು ಬರೀ ವಸತಿಯ ಪ್ರಶ್ನೆಯಲ್ಲ. ನಗರದ ಕಸದ ಪ್ರಶ್ನೆಯೂ ಹೌದು. ಅವರನ್ನು ದೂರ ಅಟ್ಟಿದರೆ ನಗರ ತನ್ನ ಅತಿ ಅಗ್ಗದ, ಅತಿ ನಿಪುಣ ವಿಂಗಡಣಾ ವ್ಯವಸ್ಥೆಯನ್ನು ಕಳೆದುಕೊಳ್ಳುತ್ತದೆ. ಪೊಟ್ಟಣದ ಕಿಲೋಗೆ ಏರುವ ಬೆಲೆಯಲ್ಲಿ ಆಯುವವಳ ಪಾಲು ಇಷ್ಟು ಎಂದು ಗುತ್ತಿಗೆಯ ಷರತ್ತಿನಲ್ಲಿಯೇ ಬರೆಯಬೇಕು. ಅನುಕಂಪದಿಂದ ಕೊಡುವ ಸೀರೆ, ಕಂಬಳಿ ಆ ಪಾಲಿಗೆ ಸಮವಾಗದು.

ಈ ಷರತ್ತನ್ನು ಬರೆಯಬೇಕಾದುದು ಮಹಾನಗರಪಾಲಿಕೆ. 2017ರ ಅಕ್ಟೋಬರ್ 2ರಿಂದ ದೊಡ್ಡ ವಸತಿ ಸಂಕುಲಗಳು, ಹೋಟೆಲುಗಳು ತಮ್ಮ ಹಸಿ ಕಸವನ್ನು ತಾವೇ ಸಂಸ್ಕರಿಸಬೇಕೆಂದು ಅದು ಆಜ್ಞೆ ಹೊರಡಿಸಿತು, ಪಾಲನೆ ಅರೆಬರೆಯಾಯಿತು. 2022ರ ಮಾರ್ಚ್‌ನಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿಯೇ ನಡೆಯಿತು. ಒಣ ಕಸದ ಕೇಂದ್ರ ಏಕೆ ಮುಚ್ಚಿದೆ ಎಂದು ವಾರ್ಡಿನ ನಿವಾಸಿಗಳು ಕೇಳಲು ಒಬ್ಬ ನಗರಸೇವಕನೂ ಇರಲಿಲ್ಲ. ದೇಶದ ಅತಿ ಶ್ರೀಮಂತ ಪಾಲಿಕೆಯಲ್ಲಿ ಕಸದ ವಿಷಯ ಚುನಾವಣೆಯ ವಿಷಯವಾಗದಿರುವುದು ಮತದಾರರ ಲೋಪವೂ ಹೌದು.

ನಾಗರಿಕರ ಪಾಲಿನ ಕರ್ತವ್ಯಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಮುಂಬಯಿಗೆ ಇಡ್ಲಿ ಸಾಂಬಾರಿನ ರುಚಿ ಹತ್ತಿಸಿದವರು ಕನ್ನಡ ಕರಾವಳಿಯ ಹೋಟೆಲಿನವರು. ಪಾರ್ಸೆಲ್ ಸಾಂಬಾರನ್ನು ತೆಳು ಚೀಲದಲ್ಲಿ ಕಟ್ಟುವುದನ್ನು ಬಿಟ್ಟು, ಪಾತ್ರೆ ತರುವ ಗಿರಾಕಿಗೆ ಒಂದೆರಡು ರೂಪಾಯಿ ಕಡಿಮೆ ಮಾಡಲು ಅವರಿಗೆ ಯಾವ ಸರಕಾರದ ಆಜ್ಞೆಯೂ ಬೇಕಿಲ್ಲ. ಮನೆಗಳಲ್ಲಿ ಪೊಟ್ಟಣಗಳನ್ನು ಒಣಗಿಸಿ ಒಂದು ಚೀಲದಲ್ಲಿ ಬೇರೆಯೇ ಕೂಡಿಟ್ಟರೆ ಸಾಕು, ಮಾಟುಂಗಾದ ವಿದ್ಯೆಗೆ ಕಚ್ಚಾವಸ್ತು ದೊರೆತಂತೆ.

ಜೈನ ಶ್ರಾವಕರಿಗೆ ಈ ವಿಚಾರ ಅಪರಿಚಿತವಲ್ಲ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿ, ಬೇಡವಾದುದನ್ನು ಜೀವಿಗಳಿಗೆ ಬಾಧೆಯಾಗದಂತೆ ಸ್ಥಳ ನೋಡಿ ಬಿಡುವ ಎಚ್ಚರವನ್ನೇ ಹೇಳುತ್ತದೆ. ಗೃಹಸ್ಥರಿಗೆ ಹೇಳಿದ ಪರಿಗ್ರಹ ಪರಿಮಾಣ ವ್ರತ ಅದಕ್ಕೂ ಹಿಂದಿನ ಹೆಜ್ಜೆ: ತರುವುದನ್ನೇ ಮಿತಗೊಳಿಸು ಎಂಬುದು. ಮೇಲ್ಬಳಕೆಯ ವಿದ್ಯೆ ಎಷ್ಟೇ ಬೆಳೆದರೂ ಮೊದಲ ಸ್ಥಾನ ಮಿತಬಳಕೆಗೇ ಸಲ್ಲಬೇಕು. ಈ ಸಮಾಜದ ವರ್ತಕರಲ್ಲಿ ಪ್ಯಾಕೇಜಿಂಗ್, ಜವಳಿ, ರಾಸಾಯನಿಕಗಳ ವ್ಯಾಪಾರದಲ್ಲಿ ಇರುವವರೂ ಉಂಟು. ಪೊಟ್ಟಣ ಮಾಡುವವರು ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಲಿ, ಆಗ ಅದನ್ನು ಬಿಚ್ಚುವುದು ಸುಲಭ. ಹೊಣೆಗಾರಿಕೆಯ ಪ್ರಮಾಣಪತ್ರ ಕೊಳ್ಳುವವರು ಅಗ್ಗವೆಂದು ಕೊಳ್ಳುವ ಮೊದಲು ಅದನ್ನು ಕೊಟ್ಟ ಘಟಕವನ್ನು ಕಣ್ಣಾರೆ ಕಂಡು ಬರಲಿ. ಅಹಿಂಸೆಯ ಹೆಸರಿನಲ್ಲಿ ನಡೆಯುವ ಸಮಾರಂಭಗಳ ಊಟದ ಪಂಕ್ತಿಯಲ್ಲಿ ಸ್ಟೀಲಿನ ತಟ್ಟೆ ಲೋಟಗಳು ಮರಳಿ ಬರಲಿ. ಸಂಘ ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರದಲ್ಲಿ ದಾನದ ಮೊತ್ತದ ಕೆಳಗೆ ಕಸದ ತೂಕಕ್ಕೂ ಒಂದು ಸಾಲು ಇರಲಿ: ಇಷ್ಟು ಕಿಲೋ ಹುಟ್ಟಿತು, ಇಷ್ಟು ಕಿಲೋ ಮರುಬಳಕೆಗೆ ಹೋಯಿತು, ಆಯ್ದವರಿಗೆ ಇಷ್ಟು ಸಂದಿತು ಎಂದು. ಮುಂದಿನ ಮಹಾಸಭೆಯಿಂದಲೇ ಇದನ್ನು ಆರಂಭಿಸಬಹುದು.